ಧೈರ್ಯದ ಕಥೆಗೆ ಕೇಳಬೇಕಾದ ಪ್ರಶ್ನೆ

2001ರಲ್ಲಿ 35 ದೇಶಗಳ ಹತ್ತು ವರ್ಷದ ಆಸುಪಾಸಿನ ಮಕ್ಕಳಿಗೆ ಒಂದು ಓದಿನ ಪರೀಕ್ಷೆ ನಡೆಯಿತು. ಪಿರ್ಲ್ಸ್ ಎಂಬ ಆ ಅಂತರರಾಷ್ಟ್ರೀಯ ಸಮೀಕ್ಷೆ ಅಂದಿನಿಂದ ಐದು ವರ್ಷಕ್ಕೊಮ್ಮೆ ನಡೆಯುತ್ತ ಬಂದಿದೆ. ಅದರ ಮೊದಲ ಸುತ್ತಿಗೆ ಆರಿಸಿದ ಕಥೆಗಳಲ್ಲಿ ಒಂದು ನಮ್ಮ ಮಕ್ಕಳಿಗೂ ಹಳೆಯ ನಂಟಿನದು. ಭೂಕಂಪದ ಭಯದಲ್ಲೇ ಬದುಕುವ ಒಂದು ಮೊಲ. ಅದರ ಹತ್ತಿರದಲ್ಲೇ ಧೊಪ್ಪನೆ ಒಂದು ಹಣ್ಣು ಬೀಳುತ್ತದೆ. ಭೂಮಿ ಬಿರಿಯಿತೆಂದು ಮೊಲ ಕೂಗಿಕೊಂಡು ಓಡುತ್ತದೆ, ಅದರ ಹಿಂದೆ ಬಳಗದ ಸಾವಿರಾರು ಮೊಲಗಳು ಓಡುತ್ತವೆ. ಬೆಟ್ಟದ ಮೇಲೆ ಎದುರಾದ ಸಿಂಹವೊಂದು ಕಂಡವರು, ಕೇಳಿದವರು ಯಾರೆಂದು ವಿಚಾರಿಸುತ್ತದೆ, ಆ ಮೊಲವನ್ನು ಜೊತೆಗೆ ಕರೆದುಕೊಂಡು ಸದ್ದು ಬಂದ ಜಾಗಕ್ಕೇ ಹೋಗುತ್ತದೆ. ಅಲ್ಲಿ ಬಿದ್ದಿದ್ದ ಹಣ್ಣನ್ನು ಮತ್ತೊಮ್ಮೆ ಬೀಳಿಸಿ ತೋರಿಸುತ್ತದೆ. ಮೊಲ ನಾಚಿಕೊಂಡಾಗ, ಅರ್ಥವಾಗದ್ದಕ್ಕೆ ಹೆದರುವುದು ಎಲ್ಲರಿಗೂ ಇದ್ದದ್ದೇ, ತನಗೂ ಹಾಗಾಗುವುದುಂಟು ಎಂದು ಸಮಾಧಾನ ಹೇಳುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಮರಳಿ ಹೇಳಿದವರು ರೊಸಾಲಿಂಡ್ ಕರ್ವೆನ್. ಬೇರು ಮಾತ್ರ ಪಾಲಿ ಭಾಷೆಯ ದದ್ದಭ ಜಾತಕದಲ್ಲಿದೆ. ಅಲ್ಲಿ ಬೀಳುವುದು ಬಿಲ್ವದ ಹಣ್ಣು, ಸಿಂಹವಾಗಿ ಹುಟ್ಟಿರುವವನು ಬೋಧಿಸತ್ವ. ಓಡುವವರ ಸಾಲಿನಲ್ಲಿ ಆನೆ, ಹುಲಿಗಳೂ ಇವೆ. ನೋಡಿದವರು ಯಾರೆಂದು ಕೇಳಿದರೆ ಪ್ರತಿಯೊಂದು ಪ್ರಾಣಿಯೂ ಇನ್ನೊಂದರತ್ತ ಬೆರಳು ಮಾಡುತ್ತದೆ. ಆಕಾಶ ಕಳಚಿ ಬಿತ್ತೆಂದು ಓಡಿದ ಮೊಲವಾಗಿ ಇದೇ ಕಥೆ ಕನ್ನಡದ ಎಷ್ಟೋ ಮನೆಗಳಲ್ಲಿ ಹೇಳಿ ಕೇಳಿ ಬಳಕೆಯಾಗಿದೆ.

ಈ ಕಥೆಯ ಕೊನೆಗೆ ಮಕ್ಕಳಿಗೆ ಕೇಳಿದ ಪ್ರಶ್ನೆಗಳನ್ನು ನಮ್ಮ ಪಾಠಪುಸ್ತಕ ಬರೆಯುವವರು, ಪ್ರಶ್ನೆಪತ್ರಿಕೆ ಮಾಡುವವರು ಎದುರಿಗಿಟ್ಟುಕೊಂಡು ನೋಡಬೇಕು. ಮೊದಲ ಪ್ರಶ್ನೆ ಸಲೀಸು. ಮೊಲಕ್ಕೆ ಎಲ್ಲಕ್ಕಿಂತ ದೊಡ್ಡ ಚಿಂತೆ ಯಾವುದು? ಉತ್ತರ ಕಥೆಯ ಆರಂಭದಲ್ಲೇ ಇದೆ, ಹೆಕ್ಕಿದರಾಯಿತು. ಮುಂದೆ ಪ್ರಶ್ನೆ ಬಿಗಿಯಾಗುತ್ತದೆ. ಸಿಂಹಕ್ಕೆ ಮೊಲ ಇಷ್ಟವಾಗಿತ್ತು ಅನ್ನಿಸುತ್ತದೆಯೇ, ಕಥೆಯಲ್ಲಿ ನಡೆದ ಯಾವುದರಿಂದ ಅದು ತಿಳಿಯುತ್ತದೆ? ಇಷ್ಟವಾಗಿತ್ತೆಂದು ಕಥೆಯಲ್ಲಿ ಬರೆದಿಲ್ಲ. ಅದರ ಮಾತು ಕೇಳಿ ಜೊತೆಗೆ ಹೋದದ್ದು, ನಾಚಿದಾಗ ಸಮಾಧಾನ ಹೇಳಿದ್ದು ಇವನ್ನು ಮಗು ತಾನೇ ಕೂಡಿಸಿ ನೋಡಬೇಕು. ಅದಕ್ಕೂ ಮುಂದಿನದು ಮೂರು ಅಂಕದ ಪ್ರಶ್ನೆ. ಸಿಂಹ, ಮೊಲ ಎಂಥವೆಂಬುದು ಅವುಗಳ ನಡೆಯಿಂದ ಗೊತ್ತಾಗುತ್ತದೆ. ಎರಡರ ಸ್ವಭಾವದಲ್ಲಿ ಏನು ವ್ಯತ್ಯಾಸ, ಅದನ್ನು ತೋರಿಸುವಂತೆ ಯಾವುದು ಏನು ಮಾಡಿತು, ವಿವರಿಸು. ಸಿಂಹ ಧೈರ್ಯಶಾಲಿ, ಮೊಲ ಪುಕ್ಕಲು ಎಂದಷ್ಟೇ ಬರೆದರೆ ಪೂರ್ಣ ಅಂಕವಿಲ್ಲ. ಗುಣದ ಹೆಸರಿನ ಜೊತೆಗೆ ಆ ಗುಣ ಕಾಣಿಸಿದ ಕೆಲಸವನ್ನೂ ಮಗು ಹೇಳಬೇಕು. ಈ ಸಮೀಕ್ಷೆಯ ಚೌಕಟ್ಟಿನಲ್ಲಿ, ಬರೆದದ್ದನ್ನು ನೇರವಾಗಿ ಹೆಕ್ಕಿ ಕೊಡುವ ಪ್ರಶ್ನೆಗಳ ಪಾಲು ನೂರಕ್ಕೆ 20ರಷ್ಟು. ಮಿಕ್ಕದ್ದೆಲ್ಲ ಊಹಿಸುವ, ಕೂಡಿಸುವ, ತೂಗಿ ನೋಡುವ ಕೆಲಸಕ್ಕೆ ಮೀಸಲು.

ನಮ್ಮ ಅಭ್ಯಾಸದ ಪುಟಗಳಲ್ಲಿ ಈ ಲೆಕ್ಕ ಹೆಚ್ಚುಕಡಿಮೆ ತಲೆಕೆಳಗಾಗಿದೆ. ಬಿಟ್ಟ ಸ್ಥಳ ತುಂಬಿ, ಹೊಂದಿಸಿ ಬರೆಯಿರಿ, ಒಂದು ವಾಕ್ಯದಲ್ಲಿ ಉತ್ತರಿಸಿ, ಈ ಮಾತನ್ನು ಯಾರು ಯಾರಿಗೆ ಹೇಳಿದರು: ಇವುಗಳ ಉತ್ತರ ಪಾಠದ ಯಾವುದೋ ಒಂದು ಸಾಲಿನಲ್ಲಿ ಸಿದ್ಧವಾಗಿರುತ್ತದೆ, ಬೆರಳಿಟ್ಟು ತೋರಿಸಬಹುದು. ಇಂಥ ಪ್ರಶ್ನೆಗಳೇ ಬೇಡ ಎಂಬುದು ನನ್ನ ವಾದವಲ್ಲ. ಯಾರು, ಎಲ್ಲಿ, ಏನು ಎಂಬುದು ಗೊತ್ತಿಲ್ಲದೆ ಏಕೆ ಎಂಬುದಕ್ಕೆ ಹೋಗಲಾಗದು. ನನ್ನ ವಾದ ಇಷ್ಟು. ಕೆಚ್ಚಿನ ಪ್ರಾಣಿಯೊಂದರ ಕಥೆ ಮಗುವಿಗೆ ಅರ್ಥವಾಯಿತೇ ಎಂದು ಈ ಬಗೆಯ ಪ್ರಶ್ನೆಗಳಿಂದ ತಿಳಿಯಲು ಸಾಧ್ಯವೇ ಇಲ್ಲ. ಏಕೆಂದರೆ ಧೈರ್ಯವೆನ್ನುವುದು ಕಥೆಯ ಯಾವ ಒಂದು ಸಾಲಿನಲ್ಲೂ ಇರುವುದಿಲ್ಲ. ಎದುರಿಗಿದ್ದ ಅಪಾಯ ಎಷ್ಟು, ಪ್ರಾಣಿಗೆ ಅದು ಗೊತ್ತಿತ್ತೇ, ತಪ್ಪಿಸಿಕೊಳ್ಳುವ ದಾರಿ ಇತ್ತೇ, ಇದ್ದೂ ಅದನ್ನು ಬಿಟ್ಟಿತೇ, ಈ ನಾಲ್ಕನ್ನೂ ಓದುವವನು ಮನಸ್ಸಿನಲ್ಲಿ ಒಟ್ಟಿಗೆ ಹಿಡಿದಾಗ ಮಾತ್ರ ಧೈರ್ಯ ಎಂಬುದು ಕಣ್ಣಿಗೆ ಬೀಳುತ್ತದೆ. ಕಥೆಗಾರ ಒಂದು ಕಡೆ ಧೀರ ಎಂಬ ವಿಶೇಷಣ ಹಾಕಿದ್ದರೆ ಅದನ್ನು ನಕಲು ಮಾಡಿದ ಮಗುವಿಗೂ ಅಂಕ ಬರುತ್ತದೆ. ಅದು ಕಥೆಯನ್ನು ಓದಿದೆ ಎಂಬುದಕ್ಕೆ ಮಾತ್ರ ಯಾವ ಸಾಕ್ಷಿಯೂ ಸಿಗುವುದಿಲ್ಲ.

ಗೋವಿನ ಹಾಡನ್ನೇ ತೆಗೆದುಕೊಳ್ಳಿ. ಕನ್ನಡದ ಮಕ್ಕಳಿಗೆ ಇದಕ್ಕಿಂತ ದೊಡ್ಡ ಪ್ರಾಣಿಕಥೆ ಇನ್ನೊಂದಿಲ್ಲ. ಪುಣ್ಯಕೋಟಿಯ ಗುಣ ಯಾವುದು ಎಂದು ಕೇಳಿದರೆ ಇಡೀ ತರಗತಿ ಸತ್ಯ ಎಂದು ಒಂದೇ ದನಿಯಲ್ಲಿ ಕೂಗುತ್ತದೆ. ತಪ್ಪಲ್ಲ, ಆದರೆ ಹಾಡನ್ನು ಕೇಳದ ಮಗುವೂ ಪಕ್ಕದವನನ್ನು ಕೇಳಿ ಅಷ್ಟು ಕೂಗಬಲ್ಲದು. ಅದರ ಬದಲು ಬೇರೊಂದು ಪ್ರಶ್ನೆ ಇಟ್ಟು ನೋಡಿ: ಹುಲಿ ತನ್ನನ್ನು ಬಿಟ್ಟುಬಿಡಬಹುದು ಎಂಬ ಆಸೆ ಪುಣ್ಯಕೋಟಿಗೆ ಇತ್ತೇ? ಈಗ ಮಗು ಹಾಡಿಗೆ ಹಿಂದಿರುಗಲೇಬೇಕು. ಮರಳಿ ಬರುವೆನೆಂದು ಹುಲಿಗೆ ಮಾತು ಕೊಟ್ಟು ದೊಡ್ಡಿಗೆ ಬಂದ ಹಸು ಕರುವಿಗೆ ಹಾಲೂಡಿಸಿ ಸುಮ್ಮನೆ ಹೊರಡುವುದಿಲ್ಲ. ಮಿಕ್ಕ ಹಸುಗಳನ್ನು ಕರೆದು ತಬ್ಬಲಿಯಾಗುವ ತನ್ನ ಕರುವನ್ನು ನಿಮ್ಮದೇ ಎಂದು ನೋಡಿಕೊಳ್ಳಿ ಎಂದು ಒಪ್ಪಿಸುತ್ತದೆ. ಸ್ನಾನ ಮಾಡಿ ಗವಿಯ ಬಾಗಿಲಿಗೆ ಹೋಗುತ್ತದೆ. ಬದುಕಿ ಬರುವ ಭರವಸೆ ಇದ್ದವರು ಮಗುವನ್ನು ಹೀಗೆ ಇನ್ನೊಬ್ಬರ ಕೈಗೆ ಒಪ್ಪಿಸುತ್ತಾರೆಯೇ? ಆ ಒಪ್ಪಿಸುವ ಮಾತೇ ಸಾಕ್ಷಿ. ಸಾಯುವುದು ಖಚಿತವೆಂದು ತಿಳಿದೇ ಅದು ನಡೆಯಿತು. ಈ ತೀರ್ಮಾನ ಹಾಡಿನ ಒಂದು ಸಾಲಿನಲ್ಲೂ ಹೀಗೆಂದು ಬರೆದಿಲ್ಲ, ಆದರೆ ಹಾಡಿನ ಹೊರಗಿನದೂ ಅಲ್ಲ. ಎಂಟು ವರ್ಷದ ಮಗು ತಾನೇ ಅಲ್ಲಿಗೆ ತಲುಪಿದ ಗಳಿಗೆಯಲ್ಲಿ ನಡೆದದ್ದೇ ಓದು.

ಇನ್ನೂ ಒಂದು ಪ್ರಶ್ನೆ ಇದರ ಪಕ್ಕದಲ್ಲೇ ಇದೆ. ಪುಣ್ಯಕೋಟಿ ಎಲ್ಲಕ್ಕಿಂತ ಹೆಚ್ಚು ಧೈರ್ಯ ತೋರಿದ್ದು ಯಾವಾಗ? ಹುಲಿ ಎರಗಲು ಬಂದಾಗ ಎಂದು ಹೆಚ್ಚಿನ ಮಕ್ಕಳು ಮೊದಲು ಹೇಳಬಹುದು, ಅಲ್ಲಿ ಗರ್ಜನೆ ಇದೆ, ಬೆದರಿ ಚದುರುವ ಮಂದೆ ಇದೆ. ಆದರೆ ಅಲ್ಲಿ ಆಯ್ಕೆ ಇರಲಿಲ್ಲ, ಸಿಕ್ಕಿಬಿದ್ದಾಗಿತ್ತು. ಆಯ್ಕೆ ಬಂದದ್ದು ಆಮೇಲೆ, ದೊಡ್ಡಿಯ ಬೇಲಿಯೊಳಗೆ, ಗೊಲ್ಲ ಕಾಳಿಂಗನ ಕಾವಲಿನಲ್ಲಿ, ಹೋಗಬೇಡ ಎಂದು ಕರು ಗೋಗರೆಯುವಾಗ. ಅಲ್ಲಿಂದ ಗವಿಯವರೆಗಿನ ದಾರಿಯಲ್ಲಿ ಯಾರೂ ಅಟ್ಟಿಕೊಂಡು ಬರುತ್ತಿಲ್ಲ, ಯಾರೂ ನೋಡುತ್ತಲೂ ಇಲ್ಲ. ಹಾಡು ಆ ದಾರಿಯ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಕಥೆಯ ಅತ್ಯಂತ ಧೈರ್ಯದ ಭಾಗ ಹೀಗೆ ಹೇಳದೆ ಬಿಟ್ಟ ಜಾಗದಲ್ಲಿದೆ. ಹೇಳಿದ್ದನ್ನು ಮಾತ್ರ ಕೇಳುವ ಪ್ರಶ್ನೆಪತ್ರಿಕೆ ಅದನ್ನು ಮುಟ್ಟುವುದು ಹೇಗೆ? ಸತ್ಯವಂತ ಹಸು ಎಂದು ಬರೆಸಿ ಮುಂದಿನ ಪಾಠಕ್ಕೆ ಹೋದಾಗ ನಾವು ಮಕ್ಕಳ ಕೈಯಿಂದ ಕಸಿದುಕೊಳ್ಳುತ್ತಿರುವುದು ಇದನ್ನೇ, ಅವರದೇ ಭಾಷೆಯ ಈ ಸಂಪತ್ತನ್ನು. ಅದು ನನಗೆ ನಿಜವಾದ ನೋವಿನ ಸಂಗತಿ.

ಓದುವಾಗ ತಲೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ಅಧ್ಯಯನ ಮಾಡಿದವರ ಮಾತು ಇದಕ್ಕೆ ಹೊಂದುತ್ತದೆ. ಅಮೆರಿಕದ ಮನೋವಿಜ್ಞಾನಿ ವಾಲ್ಟರ್ ಕಿಂಟ್ಷ್ ಮತ್ತು ಡಚ್ ಭಾಷಾವಿಜ್ಞಾನಿ ಟಿಯುನ್ ವಾನ್ ಡೈಕ್ 1983ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಎರಡು ಮಟ್ಟಗಳನ್ನು ಬೇರ್ಪಡಿಸಿದರು. ವಾಕ್ಯಗಳು ಹೇಳಿದ್ದನ್ನು ಹೇಳಿದಂತೆ ಹಿಡಿದಿಡುವುದು ಒಂದು. ಆ ವಾಕ್ಯಗಳು ಯಾವ ಸನ್ನಿವೇಶವನ್ನು ಕುರಿತು ಆಡಿದವೋ ಅದನ್ನೇ ಮನಸ್ಸಿನಲ್ಲಿ ಕಟ್ಟಿಕೊಳ್ಳುವುದು ಇನ್ನೊಂದು. ಮೊದಲನೆಯದು ಇದ್ದು ಎರಡನೆಯದು ಇಲ್ಲದ ಮಕ್ಕಳೂ ಇದ್ದಾರೆ. ಬ್ರಿಟನ್ನಿನಲ್ಲಿ ಜೇನ್ ಓಕ್‌ಹಿಲ್, ನಿಕೋಲಾ ಯೂಲ್, ಕೇಟ್ ಕೇನ್ ಅಂಥವರನ್ನೇ ವರ್ಷಾನುಗಟ್ಟಲೆ ಗಮನಿಸಿದರು. ಈ ಮಕ್ಕಳು ತಡವರಿಸದೆ ಓದುತ್ತಾರೆ, ಉಚ್ಚಾರ ಸ್ಪಷ್ಟ, ಓದಿದ್ದರಲ್ಲಿ ಇದ್ದ ಹೆಸರು ಕೇಳಿದರೆ ಹೇಳುತ್ತಾರೆ. ಎರಡು ವಾಕ್ಯಗಳ ನಡುವೆ ಬರೆಯದೆ ಬಿಟ್ಟದ್ದನ್ನು ಕೇಳಿದರೆ ನಿಂತುಬಿಡುತ್ತಾರೆ. ಯೂಲ್ ಮತ್ತು ಓಕ್‌ಹಿಲ್ 1988ರ ಒಂದು ಅಧ್ಯಯನದಲ್ಲಿ ಇಂಥ ಏಳೆಂಟು ವರ್ಷದ ಮಕ್ಕಳಿಗೆ, ಕಥೆಯ ಒಂದೊಂದು ಪದ ಏನು ಸುಳಿವು ಕೊಡುತ್ತದೆ ಎಂದು ಹುಡುಕುವ ಅಭ್ಯಾಸ ಕೊಟ್ಟರು. ಕೆಲವೇ ಪಾಠಗಳ ಬಳಿಕ ಅವರು, ವೇಗವಾಗಿ ಓದುವ ಅಭ್ಯಾಸವನ್ನಷ್ಟೇ ಪಡೆದ ಮಕ್ಕಳಿಗಿಂತ ಗ್ರಹಿಕೆಯಲ್ಲಿ ಬಹಳ ಮುಂದೆ ಬಂದಿದ್ದರು. ಊಹೆ ಹುಟ್ಟಿನಿಂದ ಬಂದ ಬುದ್ಧಿವಂತಿಕೆ, ಕೆಲವರಿಗಷ್ಟೇ ಇರುವಂಥದ್ದು ಎಂದುಕೊಂಡು ಕೈಚೆಲ್ಲುವವರಿಗೆ ಈ ಫಲಿತಾಂಶ ಉತ್ತರ. ಅದನ್ನು ಕಲಿಸಬಹುದು, ಕಲಿಸಿದರೆ ಬರುತ್ತದೆ.

ಸನ್ನಿವೇಶವನ್ನು ಕಟ್ಟಿಕೊಳ್ಳಲು ಪಾಠದಲ್ಲಿಲ್ಲದ ತಿಳಿವಳಿಕೆಯೂ ಬೇಕು. ಕನ್ನಡ ನಾಡಿನಲ್ಲೇ ಅದಕ್ಕೊಂದು ಅಪೂರ್ವ ಉದಾಹರಣೆ ಇದೆ, ಅದೂ ಕಲ್ಪನೆಯ ಪ್ರಾಣಿಯದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನ ಕ್ರಿ.ಶ. 949–50ರ ಕಾಲದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗ ದೊರೆ ಬೂತುಗ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಎದುರಿಸಿದ ಯುದ್ಧದ ಸುದ್ದಿ ಅದರಲ್ಲಿದೆ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ವೀರನಿಗೆ ಬೇಕಾದ್ದನ್ನು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿಯನ್ನು ಕಾಡುಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಪೂಜಾರಿಯಾದ ಗೊರವ ಉಂಡರೆ ಅವನಿಗೆ ಪಾಪ ತಟ್ಟುತ್ತದೆಂದೂ ಕೆತ್ತಿಸಿದರು. ಈ ಕಥೆಯನ್ನು ನಗರದ ಮಗುವೊಂದು ಓದಿದರೆ ನಾಯಿ, ಹಂದಿ ಕಚ್ಚಾಡಿದವು ಎಂದಷ್ಟೇ ಅದರ ಮನಸ್ಸಿಗೆ ಬರಬಹುದು, ಏಕೆಂದರೆ ಅದು ಕಂಡಿರುವ ಹಂದಿ ಬೀದಿಯದು. ಗಾಯಗೊಂಡ ಕಾಡುಹಂದಿಯ ಕೋರೆ ಮನುಷ್ಯನ ತೊಡೆಯನ್ನೂ ಸೀಳಬಲ್ಲದು ಎಂದು ಗೊತ್ತಿರುವ ಮಲೆನಾಡಿನ ಮಗು ಅದೇ ಸಾಲುಗಳನ್ನು ಓದಿ ಕಾಳಿಗೆ ಕಲ್ಲು ಏಕೆ ನಿಂತಿತೆಂದು ಕೂಡಲೇ ತಿಳಿಯುತ್ತದೆ. ಇಬ್ಬರ ಓದುವ ಸಾಮರ್ಥ್ಯದಲ್ಲಿ ವ್ಯತ್ಯಾಸವಿಲ್ಲ, ಅಪಾಯದ ಅಳತೆಯಲ್ಲಿ ಇದೆ. 1988ರಲ್ಲೇ ಅಮೆರಿಕದ ಡಾನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಇದನ್ನು ಪರೀಕ್ಷಿಸಿ ನೋಡಿದ್ದರು. ಬೇಸ್‌ಬಾಲ್ ಆಟದ ವರ್ಣನೆಯೊಂದನ್ನು 64 ವಿದ್ಯಾರ್ಥಿಗಳಿಗೆ ಕೊಟ್ಟಾಗ, ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲವರು, ಓದಿನಲ್ಲಿ ಮುಂದಿದ್ದು ಆಟ ಅರಿಯದವರಿಗಿಂತ ಚೆನ್ನಾಗಿ ಗ್ರಹಿಸಿದರು. ಹಾಗಾಗಿ ಕಥೆ ಓದಿಸುವ ಮೊದಲು ಆ ಪ್ರಾಣಿಯ ಬಗ್ಗೆ, ಅದರ ಶತ್ರುವಿನ ಬಗ್ಗೆ ಹತ್ತು ನಿಮಿಷ ಮಾತಾಡುವುದು ಓದಿನ ಪಾಠದ ಒಳಗಿನ ಕೆಲಸವೇ.

ಊಹಿಸುವ ಪ್ರಶ್ನೆ ಬೇಕೆಂಬ ವಾದಕ್ಕೆ ಬರುವ ಮೊದಲ ಆಕ್ಷೇಪ ತೂಕದ್ದು, ಅದನ್ನು ಹಗುರವಾಗಿ ಎತ್ತಿಡುವಂತಿಲ್ಲ. ಅಕ್ಷರ ಕೂಡಿಸಿ ಓದುವುದೇ ಬಾರದ ಮಕ್ಕಳ ಮುಂದೆ ಊಹೆ, ವ್ಯಾಖ್ಯಾನ ಎಂದು ಮಾತಾಡುವುದು ಎಷ್ಟು ಸರಿ? 2024ರ ಅಸರ್ ವರದಿಯ ಪ್ರಕಾರ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಮೂರನೆಯ ತರಗತಿಯಲ್ಲಿ ಎರಡನೆಯ ತರಗತಿ ಮಟ್ಟದ ಪಠ್ಯವನ್ನು ಓದಬಲ್ಲ ಮಕ್ಕಳು ನೂರಕ್ಕೆ 23.4 ಮಾತ್ರ. ಕನ್ನಡದ ಲಿಪಿಯ ಹೊರೆಯೂ ಸಣ್ಣದಲ್ಲ. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು 400ನ್ನು ದಾಟುತ್ತವೆ. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಕನ್ನಡ ಕಲಿಯುವ ಮಕ್ಕಳ ಮೇಲೆ ಮಾಡಿದ, 2007ರಲ್ಲಿ ಪ್ರಕಟವಾದ ಅಧ್ಯಯನ, ಅಕ್ಷರಗಳ ಮೇಲೆ ಹಿಡಿತ ಬರುವುದು ನಾಲ್ಕನೆಯ ತರಗತಿಯವರೆಗೂ ಚಾಚಿಕೊಳ್ಳುತ್ತದೆಂದು ತೋರಿಸಿತು. ಮೊದಲು ಅಕ್ಷರ ಬರಲಿ, ಅರ್ಥ ಆಮೇಲೆ ನೋಡಿಕೊಳ್ಳೋಣ ಎಂದು ಶಿಕ್ಷಕರು ಹೇಳಿದರೆ ಅದರ ಹಿಂದೆ ದಿನನಿತ್ಯದ ಅನುಭವವಿದೆ.

ಆದರೆ ಇದೇ ಅಂಕಿ ಅಂಶ ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಕೆಡವುವುದಿಲ್ಲ. ಅಕ್ಷರ ಗಟ್ಟಿಯಾಗಲು ನಾಲ್ಕು ವರ್ಷ ಬೇಕಾಗುವ ಭಾಷೆಯಲ್ಲಿ, ಅರ್ಥವನ್ನು ಅದರ ನಂತರಕ್ಕೆ ಮುಂದೂಡಿದರೆ ಮಗು ತನ್ನ ಬಾಲ್ಯದ ನಾಲ್ಕು ವರ್ಷ ಓದುವುದೆಂದರೆ ಸದ್ದು ಹೊರಡಿಸುವುದು ಎಂದೇ ನಂಬಿರುತ್ತದೆ. ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಮುಂದಿಟ್ಟ ಸೂತ್ರ ಇಲ್ಲಿ ನೆನೆಯತಕ್ಕದ್ದು. ಓದಿನ ಗ್ರಹಿಕೆಯೆಂದರೆ ಅಕ್ಷರ ಬಿಡಿಸುವ ಶಕ್ತಿಯನ್ನು ಭಾಷೆ ಅರ್ಥಮಾಡಿಕೊಳ್ಳುವ ಶಕ್ತಿಯಿಂದ ಗುಣಿಸಿದ್ದು. ಕೂಡಿಸಿದ್ದಲ್ಲ, ಗುಣಿಸಿದ್ದು. ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಫಲ ಸೊನ್ನೆ. ಎರಡನ್ನೂ ಒಟ್ಟೊಟ್ಟಿಗೆ ಬೆಳೆಸಬೇಕೆಂಬುದೇ ಇದರ ತಾತ್ಪರ್ಯ. ಅದಕ್ಕೆ ದಾರಿಯೂ ಇದೆ. ಊಹಿಸುವುದಕ್ಕೆ ಅಕ್ಷರ ಬೇಕಿಲ್ಲ, ಕಿವಿ ಸಾಕು. ಗೋವಿನ ಹಾಡು ಶತಮಾನಗಳ ಕಾಲ ಉಳಿದು ಬಂದದ್ದೇ ಬಾಯಿಂದ ಬಾಯಿಗೆ. ಒಂದನೆಯ ತರಗತಿಯ ಮಗುವಿಗೆ ಹಾಡಿ ತೋರಿಸಿ, ಹಸು ಕರುವನ್ನು ಇನ್ನೊಬ್ಬರಿಗೆ ಏಕೆ ಒಪ್ಪಿಸಿತು ಎಂದು ಬಾಯಲ್ಲೇ ಕೇಳಬಹುದು. ಅಕ್ಷರ ಬರುವ ಹೊತ್ತಿಗೆ ಮಗುವಿನ ಮನಸ್ಸು ಕಾರಣ ಹುಡುಕಲು ಪಳಗಿರುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ನಿಪುಣ ಭಾರತ ಯೋಜನೆಯ ಹೆಸರಿನಲ್ಲೇ ಅರ್ಥಸಹಿತ ಓದು ಎಂಬ ಗುರಿ ಇದೆ. ಮೂರನೆಯ ತರಗತಿ ಮುಗಿಸುವ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಮಾಡಿಕೊಂಡು ಓದಬೇಕೆಂಬುದು ಅದರ ಅಪೇಕ್ಷೆ. 60 ಪದ ಎಣಿಸುವುದು ಸುಲಭ, ಗಡಿಯಾರ ಸಾಕು. ಅರ್ಥವಾಯಿತೇ ಎಂದು ನೋಡಲು ಒಳ್ಳೆಯ ಪ್ರಶ್ನೆ ಬೇಕು. ಎಣಿಸಲು ಬರುವುದಷ್ಟೇ ಕೊನೆಗೆ ಉಳಿದುಕೊಳ್ಳುವ ಅಪಾಯ ಇಂಥ ಎಲ್ಲ ಯೋಜನೆಗಳಿಗೂ ಇದೆ.

ಎರಡನೆಯ ಆಕ್ಷೇಪ ಮೌಲ್ಯಮಾಪನದ್ದು. ಬಿಟ್ಟ ಸ್ಥಳಕ್ಕೆ ಒಂದೇ ಉತ್ತರ, ತಿದ್ದುವುದು ನಿಷ್ಪಕ್ಷಪಾತ. ಏಕೆ ಎಂಬ ಪ್ರಶ್ನೆಗೆ ನಲವತ್ತು ಮಕ್ಕಳು ನಲವತ್ತು ಬಗೆಯಲ್ಲಿ ಬರೆದರೆ ಅಂಕ ಕೊಡುವುದು ಹೇಗೆ, ಪೋಷಕರು ಪ್ರಶ್ನಿಸಿದರೆ ಹೇಳುವುದೇನು? ಮೊಲ, ಸಿಂಹದ ಪ್ರಶ್ನೆಯನ್ನು ಹತ್ತಾರು ಭಾಷೆಗಳಲ್ಲಿ ತಿದ್ದಿದ್ದಾರೆ ಎಂಬುದೇ ಇದಕ್ಕೆ ಉತ್ತರ. ಅಲ್ಲಿ ಒಂದೇ ಮಾದರಿ ಉತ್ತರಕ್ಕೆ ಕಟ್ಟುಹಾಕದೆ, ಉತ್ತರದಲ್ಲಿ ಏನಿರಬೇಕು ಎಂಬುದನ್ನು ಕೊಟ್ಟಿದ್ದರು. ಸಿಂಹದ ಒಂದು ಗುಣ, ಅದಕ್ಕೆ ಕಥೆಯಿಂದ ಒಂದು ಕೆಲಸ, ಮೊಲದ್ದೂ ಹಾಗೆಯೇ. ಮಾತು ಯಾವುದಾದರೂ ಇರಲಿ, ಈ ಅಂಶಗಳು ಇವೆಯೇ ಎಂದು ನೋಡಿದರಾಯಿತು. ಕನ್ನಡ ಪಾಠದಲ್ಲಿ ಇದಕ್ಕೆ ಹೊಂದುವ ಪ್ರಶ್ನೆ ಇಲ್ಲವೆಂದೂ ಅಲ್ಲ. ಸಂದರ್ಭ ಸೂಚಿಸಿ ಸ್ವಾರಸ್ಯ ಬರೆಯಿರಿ ಎಂದು ತಲೆಮಾರುಗಳಿಂದ ಕೇಳುತ್ತಲೇ ಬಂದಿದ್ದೇವೆ. ಇಂಥ ಅತ್ಯುತ್ತಮ ಪ್ರಶ್ನೆಯನ್ನು ಗೈಡುಗಳಲ್ಲಿ ಸಿದ್ಧ ಉತ್ತರವಾಗಿ ಅಚ್ಚು ಹಾಕಿ ಕೊಂದೆವು. ಸ್ವಾರಸ್ಯ ಬಾಯಿಪಾಠವಾದ ಮೇಲೆ ಅದೂ ಬಿಟ್ಟ ಸ್ಥಳ ತುಂಬುವ ಪ್ರಶ್ನೆಯೇ, ಸ್ಥಳ ಸ್ವಲ್ಪ ಉದ್ದ ಅಷ್ಟೆ. ಇದರಿಂದ ಪಾರಾಗುವ ಉಪಾಯ, ತರಗತಿಯಲ್ಲಿ ಓದಿರದ ಚಿಕ್ಕ ಕಥೆಯೊಂದನ್ನು ಪರೀಕ್ಷೆಯಲ್ಲಿ ಕೊಟ್ಟು ಕೇಳುವುದು. ಅಪರಿಚಿತ ಕಥೆಗೆ ಗೈಡು ಸಿಗದು. ಆದರೆ ಓದಿರದ ಗದ್ಯಭಾಗಕ್ಕೂ ಮತ್ತೆ ಯಾರು, ಎಲ್ಲಿ ಎಂದೇ ಕೇಳಿದರೆ ಪ್ರಯೋಜನವಿಲ್ಲ.

ಮೂರನೆಯವರು ಹೇಳುವುದು ಬೇರೆ. ಊಹೆಗೆ ಬಾಗಿಲು ತೆರೆದರೆ ಮಕ್ಕಳು ಬಾಯಿಗೆ ಬಂದದ್ದು ಹೇಳುತ್ತಾರೆ, ಎಲ್ಲವೂ ಸರಿ ಎಂದಾಗಿಬಿಡುತ್ತದೆ. ಈ ಭಯ ನನಗೂ ಸಕಾರಣವಾಗಿ ಕಾಣುತ್ತದೆ. ಎಲ್ಲ ಅಭಿಪ್ರಾಯಗಳೂ ಸಮಾನ ಎಂಬ ತರಗತಿಯಲ್ಲಿ ಓದು ಕಲಿಯಲು ಬಾರದು. ಆದರೆ ಊಹೆಗೂ ಮನಸ್ಸಿಗೆ ಬಂದದ್ದಕ್ಕೂ ಅಂತರವಿದೆ, ಅದನ್ನು ಕಲಿಸುವ ಕಥೆಯೂ ನಮ್ಮಲ್ಲೇ ಇದೆ. ಪಂಚತಂತ್ರದ ಮುಂಗುಸಿ ತೊಟ್ಟಿಲ ಮಗುವನ್ನು ಕಾಯಲು ಹಾವಿನೊಡನೆ ಹೋರಾಡಿ ಕೊಲ್ಲುತ್ತದೆ. ಮನೆಯವರು ಹಿಂದಿರುಗಿದಾಗ ಬಾಗಿಲಲ್ಲೇ ಎದುರಾಗುತ್ತದೆ, ಬಾಯೆಲ್ಲ ರಕ್ತ. ಮಗುವನ್ನೇ ಕೊಂದಿತೆಂದು ತಿಳಿದು ಅದನ್ನು ಹೊಡೆದು ಕೊಲ್ಲುತ್ತಾರೆ. ಒಳಗೆ ಹೋದರೆ ಮಗು ಕ್ಷೇಮ, ಪಕ್ಕದಲ್ಲಿ ಹಾವಿನ ತುಂಡುಗಳು. ರಕ್ತ ಕಂಡು ಊಹಿಸಿದ್ದರಲ್ಲಿ ದೋಷವಿಲ್ಲ. ಒಂದೇ ಗುರುತಿನ ಮೇಲೆ ನಿಂತು, ತೊಟ್ಟಿಲು ನೋಡದೆ ತೀರ್ಮಾನಕ್ಕೆ ಬಂದದ್ದು ದೋಷ. ಸದ್ದು ಕೇಳಿ ಭೂಕಂಪವೆಂದ ಮೊಲದ ತಪ್ಪೂ ಅದೇ ಜಾತಿಯದು. ಸಿಂಹ ಮಾಡಿದ್ದು ಸಾಕ್ಷಿ ಇರುವ ಜಾಗಕ್ಕೆ ಹಿಂದಿರುಗಿ ನೋಡುವ ಕೆಲಸ. ಶಿಕ್ಷಕರು ಮಗುವಿನ ಪ್ರತಿ ಉತ್ತರಕ್ಕೂ, ಕಥೆಯಲ್ಲಿ ಅದು ಎಲ್ಲಿದೆ ತೋರಿಸು ಎಂದು ಕೇಳುವ ರೂಢಿ ಇಟ್ಟುಕೊಂಡರೆ ಬೇಕಾಬಿಟ್ಟಿ ಉತ್ತರಗಳು ತಾವಾಗಿ ಉದುರುತ್ತವೆ. ಮುಂಗುಸಿಗೆ ಮಗುವಿನ ಮೇಲೆ ಹೊಟ್ಟೆಕಿಚ್ಚಿತ್ತು ಎಂದು ಯಾರಾದರೂ ಹೇಳಿದರೆ, ಗದರುವ ಅಗತ್ಯವಿಲ್ಲ. ಯಾವ ಸಾಲಿನಿಂದ ಗೊತ್ತಾಯಿತು ಎಂದರೆ ಸಾಕು.

ನೀತಿಪಾಠ ಬೇಕೆನ್ನುವವರದ್ದು ಕೊನೆಯ ಆಕ್ಷೇಪ. ಪ್ರಾಣಿಕಥೆ ಹೇಳುವುದೇ ಮಕ್ಕಳಲ್ಲಿ ಧೈರ್ಯ, ಸತ್ಯ, ನಿಷ್ಠೆ ಬೆಳೆಯಲೆಂದು, ಇಷ್ಟೆಲ್ಲ ಬಿಡಿಸಿ ನೋಡಿದರೆ ಕಥೆಯ ರಸ ಹೋಗುವುದಿಲ್ಲವೇ ಎಂದು ಅವರು ಕೇಳುತ್ತಾರೆ. ಗುಣ ಬೆಳೆಯಬೇಕೆಂಬ ಆಸೆ ನನ್ನದೂ ಹೌದು. ಆದರೆ ಭಯ ಕಾಣದ ಧೈರ್ಯದಿಂದ ಮಗು ಕಲಿಯುವುದು ಬಹಳ ಕಡಿಮೆ. ಪುಣ್ಯಕೋಟಿಗೆ ಸಾವಿನ ಅಂಜಿಕೆಯೇ ಇರಲಿಲ್ಲ, ಅದು ದೇವತೆ ಎಂದು ಹೇಳಿದ ಕೂಡಲೇ ಆ ಹಸು ಮಗುವಿನ ಕೈಗೆಟುಕದಷ್ಟು ದೂರ ಹೋಗುತ್ತದೆ. ಕರುವನ್ನು ಬಿಟ್ಟು ಹೋಗಲು ಅದಕ್ಕೆ ಎಷ್ಟು ಕಷ್ಟವಾಗಿರಬೇಕು ಎಂದು ಯೋಚಿಸಿದ ಮಗುವಿಗೆ ಅದು ತನ್ನಂತೆಯೇ ಇರುವ ಜೀವ, ಆದರೂ ಹೋಯಿತು ಎಂಬುದು ತಟ್ಟುತ್ತದೆ. ಪಿರ್ಲ್ಸ್ ಕಥೆಯ ಸಿಂಹ ತನಗೂ ಭಯವಾಗುವುದುಂಟೆಂದು ಒಪ್ಪಿಕೊಳ್ಳುವ ಮಾತನ್ನು ನಾನು ಅಷ್ಟು ಮುಖ್ಯವೆಂದು ಎಣಿಸುವುದು ಇದೇ ಕಾರಣಕ್ಕೆ. ಶಾಲೆಗೆ ಬರುವ ಮಕ್ಕಳಲ್ಲಿ ಬಹುಪಾಲು ಮಂದಿ ಹೆದರಿಕೊಂಡವರೇ: ಹೊಸ ಜಾಗಕ್ಕೆ, ದೊಡ್ಡ ದನಿಗೆ, ತಪ್ಪು ಉತ್ತರಕ್ಕೆ. ಹೆದರಿದವರೂ ಧೈರ್ಯ ತೋರಬಲ್ಲರು ಎಂಬುದನ್ನು ಕಥೆ ಹೇಳುವಷ್ಟು ಹತ್ತಿರದಿಂದ ಅವರಿಗೆ ಬೇರಾವುದೂ ಹೇಳಲಾರದು.

ಸಮಯ ಎಲ್ಲಿದೆ ಎಂಬ ಮಾತು ಉಳಿಯುತ್ತದೆ. ಅಮೆರಿಕದಲ್ಲಿ ಡೊಲೊರೆಸ್ ಡರ್ಕಿನ್ 1978–79ರಲ್ಲಿ ಪ್ರಕಟಿಸಿದ, ತರಗತಿಗಳಲ್ಲಿ ಕೂತು ಗಡಿಯಾರ ಹಿಡಿದು ಮಾಡಿದ ಅಧ್ಯಯನದಲ್ಲಿ, ಓದಿನ ಪಾಠದ ಹೊತ್ತಿನಲ್ಲಿ ಗ್ರಹಿಕೆಯನ್ನು ನಿಜಕ್ಕೂ ಕಲಿಸಲು ಹೋಗುತ್ತಿದ್ದುದು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಎಂದು ಕಂಡಿತು. ಮಿಕ್ಕ ಹೊತ್ತು ಪ್ರಶ್ನೆ ಕೇಳಿ ಉತ್ತರ ಸರಿಯೇ ತಪ್ಪೇ ಎಂದು ನೋಡುವುದರಲ್ಲೂ ಅಭ್ಯಾಸದ ಹಾಳೆಗಳಲ್ಲೂ ಕಳೆಯುತ್ತಿತ್ತು. ಸಮಯದ ಕೊರತೆಗಿಂತ ಅದರ ಬಳಕೆಯೇ ಅಲ್ಲಿ ಕಂಡ ತೊಂದರೆ. ನಮ್ಮಲ್ಲಿ ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿ ನೋಡಿಕೊಳ್ಳುವ ಶಾಲೆಗಳಿವೆ. ಅವರಿಗೆ ಪ್ರತಿ ಪಾಠಕ್ಕೂ ಹತ್ತು ಹೊಸ ಪ್ರಶ್ನೆ ತಯಾರಿಸಿ ಎನ್ನುವುದು ಅನ್ಯಾಯ. ಪಾಠಕ್ಕೊಂದು ಸಾಕು, ಅದನ್ನು ಪುಸ್ತಕ ಬರೆಯುವವರೇ ಕೊಡಲಿ, ತಿದ್ದುವ ಅಂಶಗಳ ಸಮೇತ. ಗೋವಿನ ಹಾಡಿಗೆ ಅಂಥ ಒಂದೇ ಪ್ರಶ್ನೆ ಆರಿಸಿ ಎಂದರೆ ನನ್ನ ಆಯ್ಕೆ ಹುಲಿಯದು. ಅರ್ಬುತನೆಂಬ ಆ ಹುಲಿ ಕೊನೆಗೆ ಹಸುವನ್ನು ತಿನ್ನದೆ ಬಿಟ್ಟು ಸುಮ್ಮನೆ ಕಾಡಿಗೆ ಹೋಗಬಹುದಿತ್ತಲ್ಲ, ಪ್ರಾಣವನ್ನೇ ಏಕೆ ಬಿಟ್ಟಿತು? ಪಶ್ಚಾತ್ತಾಪದಿಂದ ಎನ್ನುವ ಮಗುವಿಗೆ, ಪುಣ್ಯಕೋಟಿಯನ್ನು ಒಡಹುಟ್ಟಿದವಳೆಂದು ಕರೆದ ಮಾತು ಆಧಾರ. ಹಸಿವಿನಿಂದ ಬೇಟೆಯಾಡದೆ ಬದುಕಲಾರದ ಹುಲಿಗೆ ಇನ್ನು ಮುಂದೆ ಯಾವ ಹಸುವನ್ನು ಕೊಲ್ಲಲೂ ಮನಸ್ಸು ಬಾರದು, ಅದಕ್ಕೇ ಸತ್ತಿತು ಎನ್ನುವ ಮಗುವಿಗೆ, ಹುಲಿಯ ಹಸಿವಿನಿಂದಲೇ ಹಾಡಿನ ಕಥೆ ಹೊರಟದ್ದು ಆಧಾರ. ಎರಡಕ್ಕೂ ಪೂರ್ಣ ಅಂಕ ಕೊಡಬೇಕು. ಎರಡನೆಯ ಉತ್ತರ ಬರೆದ ಮಗುವನ್ನು ಎದ್ದು ನಿಲ್ಲಿಸಿ, ಹಾಗಾದರೆ ಈ ಕಥೆಯಲ್ಲಿ ಧೈರ್ಯವಿದ್ದದ್ದು ಒಂದೇ ಪ್ರಾಣಿಗೋ ಎರಡಕ್ಕೋ ಎಂದು ಕೇಳಿ, ಉಳಿದವರಿಗೂ ಮಾತಾಡಲು ಬಿಡಬೇಕು.